ಬಸುರಿಯ ವಾಂತಿ, ಎರಡು ಮಾತ್ರೆಗಳು

ಹಳೆಯ ಕನ್ನಡ ಸಿನಿಮಾಗಳಲ್ಲಿ ನಾಯಕಿ ಬಸುರಿ ಎಂದು ತಿಳಿಸಲು ಇದ್ದದ್ದು ಒಂದೇ ಉಪಾಯ. ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡು ಬಚ್ಚಲಿನ ಕಡೆ ಓಡುತ್ತಾಳೆ. ಅತ್ತೆ ಮೊದಲು ಗಾಬರಿಯಾಗಿ ಆಮೇಲೆ ಮುಗುಳ್ನಗುತ್ತಾಳೆ. ಮುಂದಿನ ದೃಶ್ಯದಲ್ಲಿ ಮಾವಿನಕಾಯಿ, ಅದರ ಮುಂದಿನದರಲ್ಲಿ ತೊಟ್ಟಿಲು. ನಡುವಿನ ಎರಡು ಮೂರು ತಿಂಗಳು ಅವಳು ಹೇಗೆ ಕಳೆದಳು ಎಂಬುದು ಕಥೆಗೆ ಬೇಡದ ವಿಷಯ.

ನಮ್ಮ ಭಾಷೆಗೆ ಅದು ಚೆನ್ನಾಗಿಯೇ ಗೊತ್ತಿತ್ತು. ಹೊಟ್ಟೆ ತೊಳಸುವುದು ಬೇರೆ, ಓಕರಿಕೆ ಬೇರೆ, ವಾಂತಿ ಬೇರೆ. ವಾಂತಿಯಾದರೆ ಒಂದಷ್ಟು ಹೊತ್ತು ಹಗುರವಾಗುತ್ತದೆ. ತೊಳಸುವ ಹೊಟ್ಟೆಗೆ ಆ ಬಿಡುಗಡೆಯೂ ಇಲ್ಲ. ಇಂಗ್ಲಿಷಿನವರು ಇದನ್ನು 'ಮಾರ್ನಿಂಗ್ ಸಿಕ್‌ನೆಸ್' ಎಂದು ಕರೆದು ಬೆಳಗಿನ ಹೊತ್ತಿಗೆ ಸೀಮಿತ ಮಾಡಿಬಿಟ್ಟರು. ಅನುಭವಿಸಿದವರನ್ನು ಕೇಳಿ, ಅದು ಮಧ್ಯಾಹ್ನ ಒಗ್ಗರಣೆಯ ವಾಸನೆಗೂ ಬರುತ್ತದೆ, ರಾತ್ರಿ ಹಲ್ಲುಜ್ಜುವಾಗಲೂ ಬರುತ್ತದೆ. ಹತ್ತು ಬಸುರಿಯರಲ್ಲಿ ಸುಮಾರು ಏಳು ಮಂದಿಗೆ ಇದು ಒಂದಲ್ಲ ಒಂದು ಪ್ರಮಾಣದಲ್ಲಿ ಇರುತ್ತದೆ. ನೂರಕ್ಕೆ ಒಬ್ಬಿಬ್ಬರಿಗೆ ಮಾತ್ರ ಅದು ನೀರೂ ನಿಲ್ಲದ, ಆಸ್ಪತ್ರೆ ಸೇರಬೇಕಾದ ಕಾಯಿಲೆಯಾಗುತ್ತದೆ. ವೈದ್ಯರು ಅದನ್ನು ಹೈಪರೆಮಿಸಿಸ್ ಗ್ರಾವಿಡಾರಮ್ ಎನ್ನುತ್ತಾರೆ.

'ಸಣ್ಣ ತೊಂದರೆ' ಎಂದು ಎಲ್ಲರೂ ತಳ್ಳಿಹಾಕಿದ ಈ ವಾಂತಿಗೆ ಮದ್ದು ಹುಡುಕಿದ ಕಥೆಯೊಳಗೆ ಇಪ್ಪತ್ತನೆಯ ಶತಮಾನದ ಅತಿ ದೊಡ್ಡ ಔಷಧ ದುರಂತವಿದೆ. ಆ ದುರಂತವನ್ನು ಬಯಲಿಗೆಳೆದು ವೀರನೆನಿಸಿಕೊಂಡ ವೈದ್ಯರೊಬ್ಬರು ಮುಂದೆ ಮೊಲಗಳ ಲೆಕ್ಕವನ್ನೇ ತಿದ್ದಿದ್ದೂ ಇದೆ. ಮೊದಲನೆಯದು ಜಗತ್ತಿಗೇ ಗೊತ್ತು. ಎರಡನೆಯದನ್ನು ಹೇಳುವವರು ಕಡಿಮೆ.

ಪ್ರಾಚೀನರು ಇದನ್ನು ಗಮನಿಸದೇ ಇರಲಿಲ್ಲ. ರೋಮ್‌ನಲ್ಲಿ ವೈದ್ಯನಾಗಿದ್ದ ಗ್ರೀಕ್ ಪಂಡಿತ ಸೊರಾನಸ್ ಎರಡನೆಯ ಶತಮಾನದಲ್ಲಿ ಬರೆದ ಸ್ತ್ರೀರೋಗ ಗ್ರಂಥದಲ್ಲಿ ಬಸಿರಿನ ನಲವತ್ತನೆಯ ದಿನದ ಹೊತ್ತಿಗೆ ಶುರುವಾಗುವ ಹೊಟ್ಟೆ ಕೆಡುವಿಕೆ, ವಾಂತಿ, ವಿಚಿತ್ರ ಆಸೆಗಳನ್ನೆಲ್ಲ ಒಂದೇ ಹೆಸರಿನಡಿ ವಿವರಿಸಿದ್ದಾನೆ. ನಮ್ಮ ಆಯುರ್ವೇದದವರ ಕಣ್ಣು ಹೆಚ್ಚಾಗಿ ಹೋದದ್ದು ಆಸೆಯ ಕಡೆಗೆ. ಗರ್ಭಿಣಿಗೆ ಎರಡು ಹೃದಯ, ಅವಳ ಬಯಕೆ ಒಳಗಿನ ಕೂಸಿನದೂ ಹೌದು, ಅದನ್ನು ತೀರಿಸದಿದ್ದರೆ ಕೂಸಿಗೆ ಕೇಡು ಎಂಬುದು ದೌಹೃದದ ಕಲ್ಪನೆ. ಇಂದಿಗೂ ನಮ್ಮ ಮನೆಗಳಲ್ಲಿ ನಡೆಯುವುದು ಬಯಕೆ ಊಟ. ವಾಂತಿಗೆ ಯಾವ ಶಾಸ್ತ್ರವೂ ಇಲ್ಲ, ಪಾಪ. ಶುಂಠಿ, ಜೀರಿಗೆ ಕಷಾಯ, ನಿಂಬೆಹಣ್ಣು, 'ಸ್ವಲ್ಪ ದಿನ ತಡ್ಕೋ' ಎಂಬ ಸಮಾಧಾನ, ಅಷ್ಟೇ.

ತಡೆದುಕೊಳ್ಳಲಾಗದೆ ಸತ್ತವರಿದ್ದರು. 'ಜೇನ್ ಐರ್' ಬರೆದ ಷಾರ್ಲಟ್ ಬ್ರಾಂಟಿ 1854ರ ಜೂನ್‌ನಲ್ಲಿ ಮದುವೆಯಾಗಿ 1855ರ ಮಾರ್ಚ್ 31ರಂದು ತೀರಿಕೊಂಡಾಗ ಅವರಿಗೆ 38 ವರ್ಷ. ಮರಣಪತ್ರದಲ್ಲಿ ಕ್ಷಯವೆಂದು ಬರೆದಿದ್ದರೂ, ಬಸಿರಿನ ಮೊದಲ ತಿಂಗಳುಗಳಲ್ಲಿದ್ದ ಅವರು ವಾರಗಟ್ಟಲೆ ನಿಲ್ಲದ ಹೊಟ್ಟೆ ತೊಳಸುವಿಕೆಯಿಂದ ಊಟವಿಲ್ಲದೆ ಕೃಶರಾಗಿದ್ದರು ಎಂಬುದು ಜೀವನಚರಿತ್ರೆಗಳಿಂದ ತಿಳಿಯುತ್ತದೆ. ಇಂದು ಅನೇಕ ವೈದ್ಯರು ಅದನ್ನು ಹೈಪರೆಮಿಸಿಸ್ ಎಂದೇ ಊಹಿಸುತ್ತಾರೆ. ಕಾರಣ ಸರಳ. ಕುಡಿದ ನೀರು ನಿಲ್ಲದಿದ್ದರೆ ಮೈಯ ನೀರು, ಉಪ್ಪು ಎರಡೂ ಹೋಗುತ್ತವೆ. ಮೈ ತನ್ನದೇ ಕೊಬ್ಬು, ಮಾಂಸಖಂಡಗಳನ್ನು ಸುಡತೊಡಗುತ್ತದೆ. ಈ ಸಾವುಗಳನ್ನು ತಡೆದದ್ದು ಯಾವ ಮಾತ್ರೆಯೂ ಅಲ್ಲ, ರಕ್ತನಾಳಕ್ಕೆ ನೇರವಾಗಿ ಉಪ್ಪುನೀರು ಕೊಡುವ ವಿದ್ಯೆ. ನಾವು 'ಗ್ಲೂಕೋಸ್ ಹಾಕಿಸಿಕೊಂಡು ಬಂದೆ' ಎನ್ನುತ್ತೇವಲ್ಲ, ಅದು. ಅದರಲ್ಲೂ ಒಂದು ಮಾತಿದೆ: ವಾರಗಟ್ಟಲೆ ಊಟವಿಲ್ಲದ ಹೆಂಗಸಿಗೆ ಮೊದಲು ಬಿ1 ಜೀವಸತ್ವ ಕೊಡದೆ ಬರೀ ಗ್ಲೂಕೋಸ್ ಏರಿಸಿದರೆ ಮಿದುಳಿಗೆ ಪೆಟ್ಟು ಬೀಳಬಹುದು.

ಇಪ್ಪತ್ತನೆಯ ಶತಮಾನದ ಮೊದಲ ಅರ್ಧದಲ್ಲಿ ವೈದ್ಯರಿಗೆ ಇನ್ನೊಂದು ವಿವರಣೆ ಸಿಕ್ಕಿತು. ಮನಸ್ಸು. ಬಸಿರು ಬೇಡವಾದವಳು, ಗಂಡನ ಮೇಲೆ ಮುನಿಸಿರುವವಳು, ತಾಯ್ತನಕ್ಕೆ ಹೆದರುವವಳು ಕೂಸನ್ನು ಬಾಯಿಂದ ಹೊರಹಾಕಲು ನೋಡುತ್ತಾಳೆ ಎಂಬ ವಾದ. 1930ರ ದಶಕದಲ್ಲಿ ಇದು ಬರೀ ವಾದವಾಗಿ ಉಳಿಯಲಿಲ್ಲ. ರೋಗಿಯನ್ನು ಒಂಟಿಯಾಗಿ ಕೋಣೆಯಲ್ಲಿ ಇರಿಸಬೇಕು, ನೋಡಲು ಯಾರನ್ನೂ ಬಿಡಬಾರದು, ವಾಂತಿಗೆ ಬೇಸಿನ್ ಕೂಡ ಕೊಡಬಾರದು ಎಂದು ವೈದ್ಯ ಪತ್ರಿಕೆಗಳಲ್ಲಿ ಬರೆದವರಿದ್ದರು. ಹಾಸಿಗೆಯ ಮೇಲೇ ಕಾರಿಕೊಂಡರೆ ನಾಚಿಕೆಯಿಂದ ನಿಲ್ಲಿಸುತ್ತಾಳೆ ಎಂಬ ಲೆಕ್ಕ. ಇದನ್ನು ಚಿಕಿತ್ಸೆ ಎಂದು ಕರೆಯಲು ನನಗೆ ಮನಸ್ಸಿಲ್ಲ.

1940ರ ದಶಕದಲ್ಲಿ ಎರಡು ದಾರಿಗಳು ತೆರೆದವು. ಬೆಕ್ಕುಗಳ ಮೇಲೆ ಪ್ರಯೋಗ ಮಾಡುತ್ತಿದ್ದ ಬೋರಿಸನ್ ಮತ್ತು ವಾಂಗ್ ಎಂಬ ಇಬ್ಬರು ಅಮೆರಿಕದಲ್ಲಿ, ಮಿದುಳಿನ ಬುಡದಲ್ಲಿರುವ ಒಂದು ಪುಟ್ಟ ಜಾಗ ರಕ್ತದಲ್ಲಿನ ವಿಷವನ್ನು 'ಮೂಸಿ ನೋಡಿ' ವಾಂತಿಗೆ ಅಪ್ಪಣೆ ಕೊಡುತ್ತದೆ ಎಂದು ತೋರಿಸಿದರು. ಅಂದರೆ ವಾಂತಿಯ ಬೀಗ ಇರುವುದು ಹೊಟ್ಟೆಯಲ್ಲಿ ಮಾತ್ರವಲ್ಲ, ತಲೆಯಲ್ಲಿಯೂ. ಇನ್ನೊಂದು ಕಡೆ, 1947ರಲ್ಲಿ ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಮೈಮೇಲೆ ಪಿತ್ತದ ಗಂಧೆಗಳೆದ್ದ ಒಬ್ಬ ಮಹಿಳೆಗೆ ಅಲರ್ಜಿಯ ಹೊಸ ಔಷಧವೊಂದನ್ನು ಕೊಟ್ಟರು. ಟ್ರಾಮಿನಲ್ಲಿ ಕೂತರೆ ಯಾವಾಗಲೂ ವಾಂತಿ ಬರುತ್ತಿದ್ದ ಆಕೆಗೆ ಆ ಮಾತ್ರೆ ತೆಗೆದುಕೊಂಡ ದಿನ ಏನೂ ಆಗಲಿಲ್ಲ. ಡ್ರಾಮಮೈನ್ ಹುಟ್ಟಿದ್ದು ಹೀಗೆ. ಘಾಟಿ ರಸ್ತೆಯ ಬಸ್ಸು ಹತ್ತುವ ಮೊದಲು ನಮ್ಮವರು ನುಂಗುವ ಅವೋಮಿನ್ ಕೂಡ ಇದೇ ಆಂಟಿಹಿಸ್ಟಮಿನ್ ಬಳಗದ್ದು. ಇದನ್ನು ನೆನಪಿಟ್ಟುಕೊಳ್ಳಿ, ಬಸುರಿಯ ವಾಂತಿಯ ಮಾತ್ರೆಯೂ ಇದೇ ಮನೆತನದಿಂದ ಬಂತು.

ಆದರೆ ಅದಕ್ಕೂ ಹೆಚ್ಚು ಹೆಸರು ಮಾಡಿದ್ದು ಬೇರೊಂದು ಮಾತ್ರೆ. ಪಶ್ಚಿಮ ಜರ್ಮನಿಯ ಗ್ರೂನೆಂಥಾಲ್ ಕಂಪನಿ 1957ರ ಅಕ್ಟೋಬರ್ 1ರಂದು ಥಾಲಿಡೊಮೈಡನ್ನು ಕಾಂಟೆರ್ಗಾನ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು. ಮೂಲತಃ ಅದು ನಿದ್ದೆಯ ಮಾತ್ರೆ. ಇಲಿಗಳಿಗೆ ಎಷ್ಟು ಕೊಟ್ಟರೂ ಸಾಯದ ಕಾರಣ ಪೂರ್ತಿ ಸುರಕ್ಷಿತವೆಂದು ಸಾರಿದರು. ಜರ್ಮನಿಯಲ್ಲಿ ಚೀಟಿಯಿಲ್ಲದೆ ಅಂಗಡಿಯಲ್ಲಿ ಸಿಗುತ್ತಿತ್ತು. ಅದು ಬಸುರಿಯರ ಹೊಟ್ಟೆ ತೊಳಸುವಿಕೆಯನ್ನೂ ಶಮನ ಮಾಡುತ್ತದೆ ಎಂದು ಗೊತ್ತಾದಾಗ ವೈದ್ಯರು ಧಾರಾಳವಾಗಿ ಬರೆದುಕೊಡತೊಡಗಿದರು.

ಇಲ್ಲಿ ಒಂದು ಕ್ರೂರ ಕಾಕತಾಳೀಯವಿದೆ. ಥಾಲಿಡೊಮೈಡ್ ಕೂಸಿಗೆ ಹಾನಿ ಮಾಡುವುದು ಗರ್ಭ ಕಟ್ಟಿದ ಸುಮಾರು 20ನೆಯ ದಿನದಿಂದ 36ನೆಯ ದಿನದವರೆಗೆ ಮಾತ್ರ. ಕಿವಿ, ಕೈ, ಕಾಲುಗಳು ಮೂಡುವ ಹೊತ್ತು ಅದು. ಆ ಕಿಟಕಿ ತೆರೆದಿರುವಾಗ ಒಂದೇ ಒಂದು ಮಾತ್ರೆ ಸಾಕಾಗಿತ್ತು. ಆ ಕಿಟಕಿ ಮುಚ್ಚಿದ ಮೇಲೆ ತೆಗೆದುಕೊಂಡವರಿಗೆ ಏನೂ ಆಗದೆ ಇರಬಹುದಿತ್ತು. ಹೊಟ್ಟೆ ತೊಳಸುವುದು ಶುರುವಾಗುವುದೂ ಸರಿಯಾಗಿ ಆ ದಿನಗಳಲ್ಲೇ. ಬೇರೆ ಯಾವ ತೊಂದರೆಗೆ ಆ ಮಾತ್ರೆ ಬಳಕೆಯಾಗಿದ್ದರೂ ಇಷ್ಟು ಕೂಸುಗಳು ಸಿಕ್ಕಿಬೀಳುತ್ತಿರಲಿಲ್ಲ.

ಸಿಡ್ನಿಯ ಕ್ರೌನ್ ಸ್ಟ್ರೀಟ್ ಮಹಿಳಾ ಆಸ್ಪತ್ರೆಯಲ್ಲಿ ಹೆರಿಗೆ ವೈದ್ಯರಾಗಿದ್ದ ವಿಲಿಯಂ ಮೆಕ್‌ಬ್ರೈಡ್ ಅಲ್ಲಿ ಡಿಸ್ಟವಾಲ್ ಎಂಬ ಹೆಸರಿನಲ್ಲಿ ಮಾರುತ್ತಿದ್ದ ಇದೇ ಮಾತ್ರೆಯನ್ನು ವಾಂತಿಗೆ ಕೊಡುತ್ತಿದ್ದರು. 1961ರ ಮಧ್ಯಭಾಗದಲ್ಲಿ ಕೆಲವೇ ವಾರಗಳೊಳಗೆ ಕೈಗಳು ಬೆಳೆಯದ ಮೂರು ಕೂಸುಗಳು ಅಲ್ಲಿ ಹುಟ್ಟಿದವು. ಮೂವರು ತಾಯಂದಿರೂ ಡಿಸ್ಟವಾಲ್ ತೆಗೆದುಕೊಂಡಿದ್ದರು. ಮೆಕ್‌ಬ್ರೈಡ್ ಬರೆದ ಕೆಲವೇ ಸಾಲುಗಳ ಪತ್ರವನ್ನು 'ಲಾನ್ಸೆಟ್' ಪತ್ರಿಕೆ 1961ರ ಡಿಸೆಂಬರ್ 16ರಂದು ಅಚ್ಚು ಹಾಕಿತು. ಈ ಔಷಧ ಪಡೆದವರ ಕೂಸುಗಳಲ್ಲಿ ಹತ್ತಿರಹತ್ತಿರ ನೂರಕ್ಕೆ 20ರಷ್ಟು ಗಂಭೀರ ದೋಷ ಕಾಣುತ್ತಿದೆ, ನಿಮ್ಮಲ್ಲಿ ಯಾರಾದರೂ ಇಂಥದ್ದನ್ನು ಕಂಡಿದ್ದೀರಾ ಎಂಬ ಪ್ರಶ್ನೆ ಅದರಲ್ಲಿತ್ತು. ಅಷ್ಟರಲ್ಲಿ ಹ್ಯಾಂಬರ್ಗ್‌ನ ಮಕ್ಕಳ ವೈದ್ಯ ವಿಡುಕಿಂಡ್ ಲೆಂಜ್ ತಾವೇ ಮನೆಮನೆಗೆ ಹೋಗಿ ತಾಯಂದಿರನ್ನು ಕೇಳಿ ಅದೇ ತೀರ್ಮಾನಕ್ಕೆ ಬಂದಿದ್ದರು. ಅವರ ಒತ್ತಾಯಕ್ಕೆ ಜರ್ಮನಿಯಲ್ಲಿ ನವೆಂಬರ್ ಕೊನೆಗೆ ಮಾತ್ರೆ ವಾಪಸಾಗಿತ್ತು. ಜಗತ್ತಿನಾದ್ಯಂತ ಹತ್ತು ಸಾವಿರಕ್ಕೂ ಹೆಚ್ಚು ಮಕ್ಕಳು ಹೀಗೆ ಹುಟ್ಟಿದರೆಂದು ಅಂದಾಜು. ಎಷ್ಟು ಗರ್ಭಗಳು ಇಳಿದುಹೋದವೆಂಬ ಲೆಕ್ಕ ಯಾರಲ್ಲೂ ಇಲ್ಲ.

ಅಮೆರಿಕ ಬಹುಮಟ್ಟಿಗೆ ಪಾರಾದ ಕಥೆ ಪ್ರಸಿದ್ಧವಾದದ್ದು. ಆಗಷ್ಟೇ ಕೆಲಸಕ್ಕೆ ಸೇರಿದ್ದ ಫ್ರಾನ್ಸಿಸ್ ಕೆಲ್ಸಿ ಎಂಬ ಅಧಿಕಾರಿ, ಕಂಪನಿಯ ಕಾಗದಪತ್ರಗಳು ಸಾಲವೆಂದು ಮತ್ತೆ ಮತ್ತೆ ವಾಪಸು ಕಳಿಸಿದರು. ಒಂದು ವರ್ಷಕ್ಕೂ ಹೆಚ್ಚು ಕಾಲ ಒತ್ತಡಕ್ಕೆ ಜಗ್ಗಲಿಲ್ಲ. 1962ರಲ್ಲಿ ಅಧ್ಯಕ್ಷ ಕೆನಡಿ ಅವರಿಗೆ ಪದಕ ತೊಡಿಸಿದರು. ಆ ವರ್ಷವೇ ಔಷಧ ಕಾನೂನು ಬಿಗಿಯಾಯಿತು. ಕೆಲ್ಸಿಯವರ ಮೇಜಿನ ಮುಂದೆ ಒತ್ತಡ ಹಾಕುತ್ತಿದ್ದ ಕಂಪನಿಯ ಹೆಸರು ಮೆರ್ರೆಲ್. ಮುಂದಿನ ಕಥೆಗೆ ಈ ಹೆಸರು ಬೇಕು.

ಏಕೆಂದರೆ ಮೆರ್ರೆಲ್ ಬಳಿ ಬಸುರಿಯ ವಾಂತಿಗೆ ಇನ್ನೊಂದು ಮಾತ್ರೆ ಆಗಲೇ ಇತ್ತು. 1956ರಲ್ಲಿ ಬಂದ ಅದರ ಹೆಸರು ಬೆಂಡೆಕ್ಟಿನ್, ಬ್ರಿಟನ್ ಮತ್ತು ಆಸ್ಟ್ರೇಲಿಯದಲ್ಲಿ ಡೆಬೆಂಡಾಕ್ಸ್. ಅದರಲ್ಲಿ ಇದ್ದದ್ದು ಮೂರು ಸಾಮಾನು: ಆಂಟಿಹಿಸ್ಟಮಿನ್ ಬಳಗದ ಡಾಕ್ಸಿಲಮೈನ್, ಬಿ6 ಜೀವಸತ್ವ, ಮತ್ತು ಹೊಟ್ಟೆ ನುಲಿತಕ್ಕೆ ಕೊಡುವ ಡೈಸೈಕ್ಲೊಮೈನ್. ಈ ಮೂರನೆಯದರಿಂದ ವಾಂತಿಗೆ ಪ್ರಯೋಜನವಿಲ್ಲವೆಂದು 1976ರಲ್ಲಿ ತೆಗೆದುಹಾಕಿದರು. ಮಾರುಕಟ್ಟೆಯಲ್ಲಿದ್ದ ಕಾಲದಲ್ಲಿ ಜಗತ್ತಿನ ಮೂರು ಕೋಟಿಗೂ ಹೆಚ್ಚು ಬಸುರಿಯರು ಇದನ್ನು ನುಂಗಿದರು.

ಈ ಸಂಖ್ಯೆಯಲ್ಲೇ ಆಪತ್ತು ಅಡಗಿತ್ತು. ಯಾವ ಔಷಧವನ್ನೂ ಮುಟ್ಟದ ತಾಯಂದಿರ ಕೂಸುಗಳಲ್ಲೂ ನೂರಕ್ಕೆ ಸುಮಾರು ಮೂರರಲ್ಲಿ ಹುಟ್ಟಿನಿಂದಲೇ ಏನಾದರೊಂದು ದೋಷ ಇರುತ್ತದೆ. ಮೂರು ಕೋಟಿ ಬಸಿರು ಎಂದರೆ ಸುಮಾರು ಒಂಬತ್ತು ಲಕ್ಷ ಕೂಸುಗಳು. ಆ ಒಂಬತ್ತು ಲಕ್ಷ ತಾಯಂದಿರಲ್ಲಿ ಪ್ರತಿಯೊಬ್ಬಳಿಗೂ ನೆನಪಿಗೆ ಬರುವುದು ತಾನು ನುಂಗಿದ ಆ ಮಾತ್ರೆ. ಥಾಲಿಡೊಮೈಡಿನ ಚಿತ್ರಗಳನ್ನು ನೋಡಿದ ಜಗತ್ತಿನಲ್ಲಿ, ಅದೇ ವಾಂತಿಗೆ, ಅದೇ ಮೆರ್ರೆಲ್ ಮಾರಿದ ಮಾತ್ರೆ ಎಂದರೆ ಯಾವ ತಾಯಿ ಅನುಮಾನಿಸದೆ ಇರುತ್ತಾಳೆ? ಆ ಅನುಮಾನವನ್ನು ನಾನು ತಪ್ಪೆನ್ನಲಾರೆ. 1970ರ ದಶಕದ ಕೊನೆಗೆ ಮೊಕದ್ದಮೆಗಳು ಶುರುವಾದವು, ಮುಂದೆ ಸಾವಿರ ದಾಟಿದವು. 1980ರಲ್ಲಿ ಅಮೆರಿಕದ ಔಷಧ ಇಲಾಖೆಯ ತಜ್ಞರ ಸಮಿತಿ ಆಧಾರಗಳನ್ನೆಲ್ಲ ನೋಡಿ, ಈ ಮಾತ್ರೆಯಿಂದ ಕೂಸಿಗೆ ದೋಷ ಬರುತ್ತದೆ ಎಂಬುದಕ್ಕೆ ಪುರಾವೆಯಿಲ್ಲ ಎಂದಿತು. ಅದನ್ನು ಕೇಳುವ ಸ್ಥಿತಿಯಲ್ಲಿ ಯಾರೂ ಇರಲಿಲ್ಲ.

ಈ ಮೊಕದ್ದಮೆಗಳಲ್ಲಿ ತಾಯಂದಿರ ಪರವಾಗಿ ಸಾಕ್ಷಿ ಹೇಳಿದವರಲ್ಲಿ ವಿಲಿಯಂ ಮೆಕ್‌ಬ್ರೈಡ್ ಒಬ್ಬರು. ಅವರಿಗಿಂತ ನಂಬಿಕಸ್ಥ ಸಾಕ್ಷಿ ಬೇರೆ ಯಾರಿದ್ದಾರು? ಅಷ್ಟು ಹೊತ್ತಿಗೆ ಅವರು ಆಸ್ಟ್ರೇಲಿಯದ ಮನೆಮಾತು. ಜನ್ಮದೋಷಗಳ ಸಂಶೋಧನೆಗೆಂದೇ ಫೌಂಡೇಶನ್ 41 ಎಂಬ ಸಂಸ್ಥೆ ಕಟ್ಟಿದ್ದರು. ಡೆಬೆಂಡಾಕ್ಸ್‌ನಲ್ಲಿದ್ದ ಡೈಸೈಕ್ಲೊಮೈನ್ ಬಗೆಗೆ ಅವರಿಗೆ ಶಂಕೆಯಿತ್ತು. ಅದೇ ಬಗೆಯಲ್ಲಿ ಕೆಲಸ ಮಾಡುವ ಹಯಾಸಿನ್ ಎಂಬ ಔಷಧವನ್ನು ಬಸಿರಾದ ಮೊಲಗಳಿಗೆ ಕೊಟ್ಟು ಮರಿಗಳು ಅಂಗವಿಕಲವಾಗುತ್ತವೆಯೇ ಎಂದು ನೋಡುವ ಪ್ರಯೋಗ ಆ ಸಂಸ್ಥೆಯಲ್ಲಿ ನಡೆಯಿತು. ಫಲಿತಾಂಶ 1982ರಲ್ಲಿ ಆಸ್ಟ್ರೇಲಿಯದ ಒಂದು ವಿಜ್ಞಾನ ಪತ್ರಿಕೆಯಲ್ಲಿ ಪ್ರಕಟವಾಯಿತು. ಲೇಖಕರು ಮೂವರು: ಮೆಕ್‌ಬ್ರೈಡ್, ಮತ್ತು ಪ್ರಯೋಗವನ್ನು ಕೈಯಾರೆ ಮಾಡಿದ ಕಿರಿಯ ಸಂಶೋಧಕರಾದ ಫಿಲ್ ವಾರ್ಡಿ, ಜಿಲ್ ಫ್ರೆಂಚ್.

ತಮ್ಮದೇ ಹೆಸರಿದ್ದ ಆ ಲೇಖನವನ್ನು ಅಚ್ಚಾದ ಮೇಲೆ ಓದಿದ ವಾರ್ಡಿ ದಂಗಾದರು. ತಾವು ಪ್ರಯೋಗಕ್ಕೆ ಬಳಸದ ಮೊಲಗಳು ಅದರಲ್ಲಿದ್ದವು. ಕೊಟ್ಟ ಔಷಧದ ಪ್ರಮಾಣ ಬದಲಾಗಿತ್ತು. ಕಿರಿಯರು ಪ್ರಶ್ನೆ ಎತ್ತಿದರು. ಬಹಳ ವರ್ಷ ಅವರ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಒಂದು ಕಡೆ ಥಾಲಿಡೊಮೈಡಿನ ವೀರ, ಇನ್ನೊಂದು ಕಡೆ ಹೆಸರಿಲ್ಲದ ಹುಡುಗರು. ವಾರ್ಡಿ ಆ ಸಂಸ್ಥೆ ಬಿಟ್ಟರು. ಕೊನೆಗೆ 1987ರ ಡಿಸೆಂಬರ್‌ನಲ್ಲಿ ಸ್ವತಃ ವೈದ್ಯರಾಗಿದ್ದ ಪತ್ರಕರ್ತ ನಾರ್ಮನ್ ಸ್ವಾನ್ ಆಸ್ಟ್ರೇಲಿಯದ ಸಾರ್ವಜನಿಕ ರೇಡಿಯೊದಲ್ಲಿ ಇದನ್ನೆಲ್ಲ ಬಯಲು ಮಾಡಿದರು. ನಿವೃತ್ತ ಮುಖ್ಯ ನ್ಯಾಯಮೂರ್ತಿ ಹ್ಯಾರಿ ಗಿಬ್ಸ್ ಅವರ ನೇತೃತ್ವದಲ್ಲಿ ವಿಚಾರಣೆ ನಡೆದು 1988ರಲ್ಲಿ ವಂಚನೆ ಸಾಬೀತಾಯಿತು. 1993ರಲ್ಲಿ ಮೆಕ್‌ಬ್ರೈಡ್ ಅವರ ಹೆಸರನ್ನು ವೈದ್ಯರ ಪಟ್ಟಿಯಿಂದ ತೆಗೆದುಹಾಕಿದರು. 1998ರಲ್ಲಿ ವಾಪಸು ಸೇರಿಸಿದರು. 2018ರಲ್ಲಿ ತೀರಿಕೊಂಡಾಗ ಬಂದ ಶ್ರದ್ಧಾಂಜಲಿಗಳಲ್ಲಿ ಆ ಪತ್ರವೂ ಇತ್ತು, ಈ ಮೊಲಗಳೂ ಇದ್ದವು.

ಅವರು ಹಾಗೇಕೆ ಮಾಡಿದರು? ಹಣಕ್ಕೆಂದು ಹೇಳಿದರೆ ಸುಲಭ. ನನಗೆ ಕಾಣುವುದು ಬೇರೆ. 1961ರಲ್ಲಿ ಮೂರೇ ಕೂಸುಗಳನ್ನು ನೋಡಿ ಹುಟ್ಟಿದ ಅನುಮಾನ ನಿಜವಾಗಿತ್ತು. ಒಮ್ಮೆ ಹಾಗೆ ಸರಿಯಾದವನಿಗೆ, ಎರಡನೆಯ ಸಲ ಪುರಾವೆ ಒಪ್ಪದಿದ್ದರೆ ಪುರಾವೆಯೇ ತಪ್ಪಿದೆ ಅನ್ನಿಸಬಹುದು.

ಆ ರೇಡಿಯೊ ಕಾರ್ಯಕ್ರಮ ಬರುವ ಹೊತ್ತಿಗೆ ಮಾತ್ರೆಯ ಕಥೆ ಮುಗಿದಿತ್ತು. ವಿಮೆ, ವಕೀಲರ ಖರ್ಚು ತಡೆಯಲಾರದೆ ಕಂಪನಿ 1983ರ ಜೂನ್‌ನಲ್ಲಿ ಬೆಂಡೆಕ್ಟಿನ್ ತಯಾರಿಕೆ ನಿಲ್ಲಿಸಿತು. 1985ರಲ್ಲಿ ಸಾವಿರಕ್ಕೂ ಹೆಚ್ಚು ಮೊಕದ್ದಮೆಗಳನ್ನು ಒಟ್ಟುಗೂಡಿಸಿ ನಡೆಸಿದ ವಿಚಾರಣೆಯಲ್ಲಿ ಜ್ಯೂರಿ ಕಂಪನಿಯ ಪರ ನಿಂತಿತು. 1993ರಲ್ಲಿ ಇದೇ ಮಾತ್ರೆಯ ಡಾಬರ್ಟ್ ಮೊಕದ್ದಮೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ತಜ್ಞನೆಂದು ಬಂದವನು ಹೇಳಿದ್ದೆಲ್ಲ ಸಾಕ್ಷಿಯಾಗದು, ಅವನ ವಿಧಾನ ವೈಜ್ಞಾನಿಕವೇ ಎಂದು ನ್ಯಾಯಾಧೀಶರು ಮೊದಲು ಪರೀಕ್ಷಿಸಬೇಕು ಎಂದು ತೀರ್ಪು ಕೊಟ್ಟಿತು. ಕಾನೂನು ಓದುವವರೆಲ್ಲ ಇಂದು ಆ ತೀರ್ಪನ್ನು ಓದುತ್ತಾರೆ. ಅದರ ಹಿಂದೆ ಬಸುರಿಯ ವಾಂತಿ ಇತ್ತೆಂಬುದು ಎಷ್ಟು ಜನರಿಗೆ ನೆನಪಿರುತ್ತದೋ.

ಮಾತ್ರೆ ಹೋದ ಮೇಲೆ ಏನಾಯಿತು ಎಂಬುದು ಇಲ್ಲಿ ಮುಖ್ಯ. ಅದು ನಿಜವಾಗಿ ಹಾನಿ ಮಾಡುತ್ತಿದ್ದರೆ ಜನ್ಮದೋಷಗಳ ಪ್ರಮಾಣ ಇಳಿಯಬೇಕಿತ್ತು. ಇಳಿಯಲಿಲ್ಲ. ಏರಿದ್ದು ವಿಪರೀತ ವಾಂತಿಯಿಂದ ಆಸ್ಪತ್ರೆ ಸೇರುವ ಬಸುರಿಯರ ಪ್ರಮಾಣ. ಕೆನಡದಲ್ಲಿ ಅದೇ ಬೆರಕೆಯ ಮಾತ್ರೆ ಬೇರೆ ಹೆಸರಿನಲ್ಲಿ ಸಿಗುತ್ತಲೇ ಇತ್ತು. ಗಡಿಯ ಈಚೆಗಿನ ಅಮೆರಿಕದ ಹೆಂಗಸರಿಗೆ ಅದು ವಾಪಸು ಸಿಕ್ಕಿದ್ದು 2013ರ ಏಪ್ರಿಲ್‌ನಲ್ಲಿ, ಡೈಕ್ಲೆಜಿಸ್ ಎಂಬ ಹೊಸ ಹೆಸರಿನಲ್ಲಿ, ಮೂವತ್ತು ವರ್ಷಗಳ ನಂತರ. ಒಂದು ತಲೆಮಾರಿನ ಹೆಂಗಸರು ಹಾನಿಯಿಲ್ಲದ ಮದ್ದಿಲ್ಲದೆ ವಾಂತಿ ಮಾಡಿಕೊಂಡರು, ಅಥವಾ ಅದಕ್ಕಿಂತ ಕಡಿಮೆ ಪರೀಕ್ಷೆಯಾದ ಮದ್ದುಗಳನ್ನು ತೆಗೆದುಕೊಂಡರು.

ಈ ನಡುವೆ ವಾಂತಿ ಏಕೆ ಬರುತ್ತದೆ ಎಂಬ ಮೂಲ ಪ್ರಶ್ನೆಯೇ ಬಾಕಿ ಉಳಿದಿತ್ತು. ಪುಸ್ತಕಗಳಲ್ಲಿ ಒಂದಿಷ್ಟು ಹಾರ್ಮೋನು, ಒಂದಿಷ್ಟು ಮನಸ್ಸು ಎಂದು ಬರೆದು ಮುಂದೆ ಹೋಗುತ್ತಿದ್ದರು. ಕ್ಯಾಲಿಫೋರ್ನಿಯದ ತಳಿವಿಜ್ಞಾನಿ ಮಾರ್ಲೀನಾ ಫೆಯ್ಜೊ 1999ರಲ್ಲಿ ಹೈಪರೆಮಿಸಿಸ್‌ನಿಂದ ನರಳಿ ಗರ್ಭ ಕಳೆದುಕೊಂಡಿದ್ದರು. ಅವರ ವೈದ್ಯರೂ ಅದನ್ನು ಉತ್ಪ್ರೇಕ್ಷೆ ಎಂದೇ ಭಾವಿಸಿದ್ದರಂತೆ. ಅವರು ತಮ್ಮದೇ ಛಲದಿಂದ ರೋಗಿಗಳ ಜೊಲ್ಲಿನ ಮಾದರಿ ಕೂಡಿಸಿ ಹುಡುಕಲು ಹೊರಟರು. 2018ರಲ್ಲಿ ಅವರ ತಂಡ ಬೊಟ್ಟು ಮಾಡಿದ್ದು ಜಿಡಿಎಫ್15 ಎಂಬ ಹಾರ್ಮೋನಿನ ವಂಶವಾಹಿಯ ಕಡೆಗೆ. 2023ರ ಡಿಸೆಂಬರ್‌ನಲ್ಲಿ ಕೇಂಬ್ರಿಜ್‌ನ ಸ್ಟೀಫನ್ ಒ'ರಾಹಿಲಿ ಅವರ ತಂಡದೊಡನೆ 'ನೇಚರ್' ಪತ್ರಿಕೆಯಲ್ಲಿ ಪೂರ್ತಿ ಚಿತ್ರ ಬಂತು. ಕೂಸು ಮತ್ತು ಮಾಸು ಈ ಹಾರ್ಮೋನನ್ನು ತಾಯಿಯ ರಕ್ತಕ್ಕೆ ಸುರಿಯುತ್ತವೆ. ಅದು ಹೋಗಿ ತಟ್ಟುವುದು ಬೋರಿಸನ್ ಮತ್ತು ವಾಂಗ್ ಬೆಕ್ಕಿನಲ್ಲಿ ಗುರುತಿಸಿದ್ದ ಆ ಮಿದುಳಿನ ಬುಡಕ್ಕೇ.

ಆದರೆ ಎಲ್ಲರಿಗೂ ಒಂದೇ ಪ್ರಮಾಣದಲ್ಲಿ ಏಕಿಲ್ಲ? ಬಸಿರಿಗೆ ಮೊದಲು ಯಾರ ರಕ್ತದಲ್ಲಿ ಈ ಹಾರ್ಮೋನು ಕಡಿಮೆ ಇರುತ್ತದೋ, ಅವರಿಗೆ ಈ ಹಠಾತ್ ಏರಿಕೆ ಹೆಚ್ಚು ಬಡಿಯುತ್ತದೆ. ಖಾರ ತಿಂದು ಗೊತ್ತಿಲ್ಲದವನಿಗೆ ಬ್ಯಾಡಗಿಯೂ ಉರಿಯುತ್ತದಲ್ಲ, ಹಾಗೆ. ಇದಕ್ಕೆ ಒಂದು ಚೆಂದದ ಪುರಾವೆಯೂ ಸಿಕ್ಕಿತು. ಬೀಟಾ ಥಲಸೇಮಿಯ ಇರುವವರ ರಕ್ತದಲ್ಲಿ ಜಿಡಿಎಫ್15 ಜೀವನವಿಡೀ ಹೆಚ್ಚಿರುತ್ತದೆ. ಅಂಥ ಹೆಂಗಸರಿಗೆ ಬಸಿರಿನಲ್ಲಿ ಹೊಟ್ಟೆ ತೊಳಸುವುದು ಬಹಳ ಕಡಿಮೆ. ಗಂಡನ ಮೇಲಿನ ಮುನಿಸು, ತಾಯ್ತನದ ಭಯ ಯಾವುದೂ ಈ ಲೆಕ್ಕದಲ್ಲಿ ಬರುವುದಿಲ್ಲ. ಬಸಿರಿಗೆ ಮುಂಚೆಯೇ ಈ ಹಾರ್ಮೋನನ್ನು ಸ್ವಲ್ಪ ಸ್ವಲ್ಪ ಏರಿಸಿ ಮೈಗೆ ರೂಢಿ ಮಾಡಿಸಬಹುದೇ ಎಂಬ ಯೋಚನೆ ಈಗ ನಡೆದಿದೆ. ಇಲಿಗಳಲ್ಲಿ ಅದು ಫಲಿಸಿದೆ.

ಧಾರವಾಡವೋ ಡೊಂಬಿವಲಿಯೋ, ಇವತ್ತು ಬಸುರಿಯೊಬ್ಬಳು ವಾಂತಿಯೆಂದು ವೈದ್ಯರಲ್ಲಿಗೆ ಹೋದರೆ ಚೀಟಿಯಲ್ಲಿ ಬರೆಯುವ ಡಾಕ್ಸಿನೇಟ್‌ನಂಥ ಮಾತ್ರೆಯಲ್ಲಿ ಇರುವುದು ಡಾಕ್ಸಿಲಮೈನ್ ಮತ್ತು ಬಿ6. ಸಿಡ್ನಿಯ ಮೊಲಗಳ ನೆಪದಲ್ಲಿ ದೂರು ಹೊತ್ತ ಅದೇ ಬೆರಕೆ. ಅದನ್ನು ನುಂಗಲು ಹಿಂಜರಿಯುವ ಮಗಳಿಗೆ ಅಮ್ಮ ಫೋನಿನಲ್ಲಿ ಹೇಳುವ ಮಾತೂ ಬದಲಾಗಿಲ್ಲ: ಬಸುರೀಲಿ ಮಾತ್ರೆ ಗೀತ್ರೆ ತಗೋಬೇಡ ಕಣೆ, ಸ್ವಲ್ಪ ದಿನ ತಡ್ಕೋ. ಆ ಅಮ್ಮ 1961ರ ಚಿತ್ರಗಳನ್ನು ನೋಡಿರಲಿಕ್ಕಿಲ್ಲ. ನೀರೂ ನಿಲ್ಲದೆ, ಮೂತ್ರ ಕಡಿಮೆಯಾಗಿ ಗಾಢವಾಗಿ, ಎದ್ದರೆ ಕಣ್ಣು ಕತ್ತಲೆ ಬಂದು, ತೂಕ ಇಳಿಯುತ್ತಿದ್ದರೆ ಅದು ತಡೆದುಕೊಳ್ಳುವ ವಾಂತಿಯಲ್ಲ, ಅವತ್ತೇ ಆಸ್ಪತ್ರೆಗೆ ಹೋಗಬೇಕಾದದ್ದು.